ಹಿಮ ಬೀಳಲು ಚಳಿಯೊಂದೇ ಸಾಲದು

ಪ್ರಶ್ನೆ: 2025ರ ಜನವರಿ 21ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಭಾರಿ ಹಿಮ ಬಿತ್ತು. ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದದ್ದು ಅದೇ ಮೊದಲಲ್ಲ. ಮತ್ತೆ ಪ್ರತಿ ಸಲ ಯಾಕೆ ಹಿಮ ಬೀಳಲ್ಲ?

ಉತ್ತರ: ಹಿಮಕ್ಕೆ ಚಳಿ ಬೇಕು, ತೇವವೂ ಬೇಕು, ಎರಡೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರಬೇಕು. ಬೆಚ್ಚಗಿನ ಊರುಗಳಲ್ಲಿ ಅಪರೂಪವಾಗಿರುವುದು ಈ ಸೇರುವಿಕೆಯೇ.

ನ್ಯೂ ಆರ್ಲಿಯನ್ಸ್‌ಗೆ ಕೊರೆಯುವ ಚಳಿ ಬರುವುದು ಕೆನಡಾ ಕಡೆಯ ನೆಲದ ಮೇಲಿಂದ. ಆ ಗಾಳಿ ಒಣ ಗಾಳಿ. ಅದು ಬಂದಾಗ ಸಾಮಾನ್ಯವಾಗಿ ಮೋಡವೇ ಇರುವುದಿಲ್ಲ. ತೇವ ಬರುವುದು ಮೆಕ್ಸಿಕೊ ಕೊಲ್ಲಿಯಿಂದ, ಆದರೆ ಆ ಗಾಳಿ ಬಿಸಿಯನ್ನೂ ಹೊತ್ತು ತರುತ್ತದೆ, ಹಾಗಾಗಿ ಬೀಳುವುದು ಮಳೆ.

ಆ ದಿನ ಎರಡೂ ಸಿಕ್ಕವು. ಎತ್ತರದಲ್ಲಿ ಬೀಸುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಪ್ರವಾಹ ದಕ್ಷಿಣಕ್ಕೆ ಆಳವಾಗಿ ಬಾಗಿ, ಉತ್ತರದ ತಣ್ಣನೆ ಗಾಳಿ ಕರಾವಳಿವರೆಗೂ ಇಳಿದಿತ್ತು. ಅದು ಜಾಗ ಬಿಡುವ ಮೊದಲೇ ಕೊಲ್ಲಿಯ ಮೇಲೆ ವಾಯುಭಾರ ಕುಸಿತ ಉಂಟಾಯಿತು. ತಣ್ಣನೆ ಗಾಳಿ ಭಾರ, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕೊಲ್ಲಿಯ ತೇವದ ಗಾಳಿ ಅದರ ಮೇಲೆ ಹತ್ತಿ, ತಣಿದು, ಹಿಮ ಸುರಿಸಿತು. ವಿಮಾನ ನಿಲ್ದಾಣದಲ್ಲಿ ಸುಮಾರು 8 ಇಂಚು! ಆ ಕುಸಿತ ಕರಾವಳಿಗೆ ಇನ್ನಷ್ಟು ಹತ್ತಿರ ಸಾಗಿದ್ದರೆ ಬಿಸಿ ಗಾಳಿ ನುಗ್ಗಿ ಮಳೆಯಾಗುತ್ತಿತ್ತು, ತುಂಬಾ ದೂರ ಸಾಗಿದ್ದರೆ ಹಿಮವೆಲ್ಲ ಸಮುದ್ರದ ಮೇಲೇ ಬೀಳುತ್ತಿತ್ತು. ಅದಕ್ಕೇ ಇಂಥ ಮುನ್ಸೂಚನೆ ಕೊಡುವುದು ನಿಜಕ್ಕೂ ಕಷ್ಟ.

ನೆಲದ ಬಳಿ ಸೊನ್ನೆ ಇದ್ದರೂ ಸಾಲದು. ಮೇಲೆಲ್ಲೋ ಕೆಲವು ನೂರು ಮೀಟರ್ ದಪ್ಪದ ಬೆಚ್ಚನೆ ಪದರ ಇದ್ದರೆ ಹಿಮ ಅಲ್ಲೇ ಕರಗಿ, ಮಳೆಯಾಗಿ ಇಳಿದು, ತಣ್ಣಗಿರುವ ತಂತಿ, ಕೊಂಬೆ, ರಸ್ತೆಗಳ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹಿಮಕ್ಕಿಂತ ಇದೇ ಜಾಸ್ತಿ ಅಪಾಯ.

ಇದಕ್ಕೆ ಉಲ್ಟಾನೂ ಆಗುತ್ತದೆ. ನೆಲದ ಬಳಿ 2–3 ಡಿಗ್ರಿ ಇದ್ದರೂ ಗಾಳಿ ಒಣಗಿದ್ದರೆ ಹಿಮ ಬೀಳಬಹುದು. ಮೊದಲು ಬಿದ್ದ ಹನಿ, ಹಿಮದ ಚೂರುಗಳು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣ್ಣಗೆ ಮಾಡುತ್ತವೆ. ಆಮೇಲೆ ಬರುವ ಹಿಮ ಕರಗದೆ ನೆಲ ಮುಟ್ಟುತ್ತದೆ.

ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ 2021ರ ಜನವರಿಯಲ್ಲಿ ಫಿಲೊಮಿನಾ ಬಿರುಗಾಳಿ ತಂದ ಹಿಮದ ಕತೆಯೂ ಇದೇ: ಮೊದಲೇ ಬಂದು ಕೂತಿದ್ದ ಚಳಿ, ಅದರ ಮೇಲೆ ಅಟ್ಲಾಂಟಿಕ್‌ನ ತೇವ. ಅರ್ಜೆಂಟೀನಾದ ಬ್ಯೂನಸ್ ಐರಿಸ್ 1918ರ ನಂತರ ಅಂಥ ಹಿಮ ಕಂಡದ್ದು 2007ರ ಜುಲೈ 9ರಂದು. ಅಲ್ಲಿ ಚಳಿ ಬಂದದ್ದು ಅಂಟಾರ್ಕ್ಟಿಕಾ ಕಡೆಯಿಂದ.

ಹಾಗಾಗಿ ಮುಂದಿನ ಸಲ ಹಿಮದ ಮುನ್ಸೂಚನೆ ಬಂದರೆ ಸುಮ್ನೆ ಕನಿಷ್ಠ ಉಷ್ಣಾಂಶ ಮಾತ್ರ ನೋಡಬೇಡಿ. ವಾಯುಭಾರ ಕುಸಿತ ಯಾವ ದಾರಿ ಹಿಡಿದಿದೆ, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಎಷ್ಟು ಡಿಗ್ರಿ ಇದೆ, ಅದನ್ನೂ ನೋಡಿ.