ಒಂಬತ್ತು ಹಾಡಿನ ಲೆಕ್ಕ

ಓದುಗರ ಪತ್ರ: ಕಾನ್ಫರೆನ್ಸ್‌ಗೆಂದು ಲಾಸ್ ವೇಗಸ್‌ಗೆ ಹೋದಾಗ ಸಹೋದ್ಯೋಗಿಗಳೊಂದಿಗೆ ಸ್ಟ್ರಿಪ್ ಕ್ಲಬ್ಬಿಗೆ ಹೋದೆವು. ನಾವು ಹೇಳಿದ ಕ್ಲಬ್ ಮುಚ್ಚಿದೆಯೆಂದು ಟ್ಯಾಕ್ಸಿಯವನು ಬೇರೆಡೆ ಇಳಿಸಿದ. ಬಾಗಿಲಲ್ಲಿ ಬಿಳಿಯರನ್ನು ಹಾಗೇ ಬಿಟ್ಟು ನಮ್ಮಿಂದ ಪ್ರವೇಶ ಶುಲ್ಕ ಕಿತ್ತರು. ಡ್ರಿಂಕ್ಸ್‌ಗೆ ಎರಡು ಸಲ ಕಾರ್ಡ್ ಉಜ್ಜಿದರು. ಹಾಡಿಗೆ ಇಪ್ಪತ್ತು ಡಾಲರ್ ಎಂದ ನರ್ತಕಿ ಕೊನೆಗೆ ಒಂಬತ್ತು ಹಾಡಾಯಿತು ಎಂದಳು. ಇಂಥಲ್ಲಿ ಗಿರಾಕಿಗೆ ನ್ಯಾಯವೇ ಇಲ್ಲವೇ?
(ಹೆಸರು ಬೇಡ), ಫ್ರೀಮಾಂಟ್

ಸಂಪಾದಕರ ಉತ್ತರ: ಅಲ್ಲಿಗೆ ಹೋದದ್ದೇ ತಪ್ಪು ಎನ್ನುವ ಪತ್ರಗಳು ಮುಂದಿನ ಸಂಚಿಕೆಗೆ ರಾಶಿ ಬೀಳುತ್ತವೆ, ಆ ಕೆಲಸ ನನಗೆ ಬೇಡ. ನೀವು ಕೇಳಿದ್ದು ಲೆಕ್ಕ, ಲೆಕ್ಕವನ್ನೇ ನೋಡೋಣ.

ಟ್ಯಾಕ್ಸಿಯವನದು ಶುದ್ಧ ಮೋಸ. ಕರೆತಂದ ಗಿರಾಕಿಗಳಿಗೆ ತಲೆಗಿಷ್ಟು ಎಂದು ಕ್ಲಬ್ಬುಗಳು ಚಾಲಕರಿಗೆ ಕಮಿಷನ್ ಕೊಡುವುದು ವೇಗಸ್‌ನಲ್ಲಿ ಗುಟ್ಟೇನಲ್ಲ. ಆದರೆ ಹೇಳಿದ ಜಾಗ ಬಿಟ್ಟು ಬೇರೆಡೆ ಒಯ್ಯುವುದು ನೆವಾಡಾ ಕಾನೂನಿಗೆ ವಿರುದ್ಧ. ಅಲ್ಲಿನ ಟ್ಯಾಕ್ಸಿಕ್ಯಾಬ್ ಅಥಾರಿಟಿಗೆ ದೂರು ಕೊಡಬಹುದು. ಬಾಗಿಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಡೆಯಿರಿ. ನೆವಾಡಾದ ಗುರುತಿನ ಚೀಟಿ ತೋರಿಸಿದವರನ್ನು ಪುಕ್ಕಟೆ ಬಿಡುವ ಕ್ಲಬ್ಬುಗಳು ಅಲ್ಲಿ ಸಾಕಷ್ಟಿವೆ, ಆ ಬಿಳಿಯರು ಊರಿನವರೇ ಇದ್ದಾರು. ಬಣ್ಣ ನೋಡಿಯೇ ಕಿತ್ತಿದ್ದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಮನರಂಜನಾ ಸ್ಥಳಗಳಿಗೂ ಅನ್ವಯಿಸುತ್ತದೆ.

ಇನ್ನು ಆ ಹೆಣ್ಣುಮಗಳು. ನಿಮ್ಮ ಪತ್ರದಲ್ಲಿ ಹೆಚ್ಚು ಸಿಟ್ಟು ಅವಳ ಮೇಲೇ ಇದೆ. ಈ ಧಂದೆಯಲ್ಲಿ ಬಹುಪಾಲು ನರ್ತಕಿಯರಿಗೆ ಸಂಬಳವೇ ಇಲ್ಲ. ಕುಣಿಯಲು ಬಂದ ದಿನ ಕ್ಲಬ್ಬಿಗೆ ಅವರೇ 'ಹೌಸ್ ಫೀ' ಕಟ್ಟಬೇಕು, ಹೋಗುವಾಗ ಡಿಜೆ, ಬೌನ್ಸರ್‌ಗಳ ಕೈಗೂ ಇಡಬೇಕು. ಸಂತೆಯಲ್ಲಿ ಬುಟ್ಟಿ ಇಳಿಸುವ ಮೊದಲೇ ಸುಂಕ ತೆತ್ತ ಸೊಪ್ಪಿನವಳನ್ನು ನೆನೆಯಿರಿ. ಗಿರಾಕಿ ಬಾರದ ರಾತ್ರಿ ಕೈಯಿಂದಲೇ ಕಳೆದುಕೊಂಡು ಮನೆಗೆ ಹೋಗುವುದೂ ಉಂಟು. ಕ್ಲಬ್ಬಿಗೆ ಹೇಳಿಕೊಂಡರೆ ಸುಂಕದವನ ಮುಂದೆ ಸುಖದುಃಖ. ಒಂಬತ್ತು ಹಾಡು ನಿಜಕ್ಕೂ ಆಗಿರಬಹುದು; ಹಾಡನ್ನು ಅರ್ಧಕ್ಕೇ ಕತ್ತರಿಸುವ ಡಿಜೆಗಳಿದ್ದಾರೆ, ನೀವು ಎಣಿಸುತ್ತಿರಲಿಲ್ಲ.

ಕೋರ್ಟುಗಳು ಇದನ್ನು ಗಮನಿಸಿಲ್ಲವೆಂದಲ್ಲ. ವೇಗಸ್‌ನ ಸಫೈರ್ ಕ್ಲಬ್ಬಿನ ಮೊಕದ್ದಮೆಯಲ್ಲಿ, ಕನಿಷ್ಠ ವೇತನದ ಮಟ್ಟಿಗೆ ನರ್ತಕಿಯರು ನೌಕರರೇ ಎಂದು ನೆವಾಡಾ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಲಾಸ್ ಏಂಜಲೀಸ್‌ನ ಸ್ಟಾರ್ ಗಾರ್ಡನ್ ನರ್ತಕಿಯರು ರಂಗನಟರ ಯೂನಿಯನ್ ಸೇರಿದರು. ಮರುವರ್ಷ ವಾಷಿಂಗ್ಟನ್ ರಾಜ್ಯ ಹೌಸ್ ಫೀಗೆ ಮಿತಿ ಹಾಕುವ ಕಾನೂನನ್ನೇ ತಂದಿತು. ಅವಳ ಸುಂಕ ಇಳಿದರೆ ನಿಮ್ಮ ಪಕ್ಕ ಕೂತು 'ಇನ್ನೊಂದು ಹಾಡು' ಎಂದು ಒತ್ತಾಯಿಸುವುದೂ ಇಳಿಯುತ್ತದೆ ಎಂಬುದು ನನ್ನ ಅಂದಾಜು.

ಬಾಗಿಲಲ್ಲಿ ನಿಂತು ಜಗಳವಾಡದೆ ಬಂದಿರಲ್ಲ, ಒಳ್ಳೆಯದಾಯಿತು. 2001ರಲ್ಲಿ ಅದೇ ಊರಿನ ಕ್ರೇಜಿ ಹಾರ್ಸ್ ಟೂ ಕ್ಲಬ್ಬಿನಲ್ಲಿ ನೂರು ಡಾಲರೂ ಇಲ್ಲದ ಬಿಲ್ಲಿನ ತಕರಾರಿಗೆ ಕ್ಯಾನ್ಸಸ್‌ನ ಪ್ರವಾಸಿಯೊಬ್ಬರ ಕತ್ತೇ ಮುರಿದಿತ್ತು.

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದು ಎಷ್ಟು ದಿನವಾಯಿತೆಂದು ನೀವು ಬರೆದಿಲ್ಲ. ಅದನ್ನು ಕಳುಹಿಸಿದ ದಿನದಿಂದ ಅರವತ್ತು ದಿನದೊಳಗೆ ನಿಮ್ಮ ದೂರು ಲಿಖಿತವಾಗಿ ಬ್ಯಾಂಕಿನ ಕೈ ಸೇರಬೇಕು. ಎರಡನೆಯ ಸಲ ಉಜ್ಜಿದ್ದನ್ನಷ್ಟೇ ಕೇಳಿ. ಹಾಡಿನ ದುಡ್ಡು ಬಿಟ್ಟುಬಿಡಿ.