ಗಿರಣಿಗೆ ಹೋದ ಕ್ಲೆಮೆಂಟ್, ಫ್ರಾನ್ಸಿನಿಂದ ಬಂದ ವುಲ್‌ಸ್ಟನ್

ಇಂಗ್ಲೆಂಡಿನ ನಾರಿಚ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: “ನಮ್ಮ ನಾರ್ಫೋಕ್ ಪ್ರಾಂತ್ಯದ ಪಾಸ್ಟನ್ ಮನೆತನದ ಮೂಲಪುರುಷ ವುಲ್‌ಸ್ಟನ್ ಎಂಬುವನು 1066ರ ನಾರ್ಮನ್ ವಿಜಯದ, ಅಂದರೆ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದರ, ಬೆನ್ನಿಗೇ ಫ್ರಾನ್ಸಿನಿಂದ ಬಂದನೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಪಾಸ್ಟನ್ ಹಳ್ಳಿಯಲ್ಲಿ 1581ರ ಹುಲ್ಲುಹೊದಿಕೆಯ ದೊಡ್ಡ ಕಣಜವನ್ನು ನೋಡಿ ಬಂದಾಗಿನಿಂದ ಆ ಮನೆತನದ ವಂಶಾವಳಿಯನ್ನು ನಾನೇ ಬರೆಯಲು ಕುಳಿತಿದ್ದೇನೆ. ವುಲ್‌ಸ್ಟನ್‌ನಿಂದ ಕೆಳಗಿಳಿಯುವ ದಾರಿಯೇ ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?”

ಮಾನ್ಯರೆ,

ತಪ್ಪಿದ್ದು ನೀವಲ್ಲ, ನಾವು. ಆ ವಾಕ್ಯವನ್ನು ಪರಿಶೀಲಿಸದೆ ಅಚ್ಚಿಗೆ ಕಳುಹಿಸಿದೆವು. ಹೆಸರೊಂದೇ ನಮ್ಮನ್ನು ಎಚ್ಚರಿಸಬೇಕಿತ್ತು. ವುಲ್‌ಸ್ಟನ್ ಎಂಬುದು ನಾರ್ಮನ್ನರು ಬರುವ ಮೊದಲೇ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಅಪ್ಪಟ ಸ್ಯಾಕ್ಸನ್ ಹೆಸರು. ವಿಜಯದ ಕಾಲದಲ್ಲಿ ವೂಸ್ಟರ್‌ನ ಬಿಷಪ್ ಆಗಿದ್ದವನ ಹೆಸರೂ ಅದೇ; ಅವನು ಇಂಗ್ಲಿಷರವನು. ಫ್ರಾನ್ಸಿನಿಂದ ಇಳಿದು ಬಂದವನಿಗೆ ಆ ಹೆಸರು ಹೊಂದುವುದಿಲ್ಲ.

ಇಂಥ ಮೂಲಪುರುಷ ಬೇಕಾಗಿದ್ದು ಏಕೆ ಎಂಬುದನ್ನು ನೋಡಿದರೆ ನಿಮ್ಮ ಹುಡುಕಾಟ ಹಗುರವಾಗುತ್ತದೆ. 1378ರಲ್ಲಿ ಹುಟ್ಟಿದ ವಿಲಿಯಂ ಪಾಸ್ಟನ್ ಕಾನೂನು ಓದಿ, 1429ರಲ್ಲಿ ನ್ಯಾಯಮೂರ್ತಿಯಾಗಿ, ನಾರ್ಫೋಕ್‌ನಲ್ಲಿ ಜಮೀನು ಕೊಳ್ಳುತ್ತಾ ಹೋದ. 1459ರಲ್ಲಿ ಸಿರಿವಂತ ಯೋಧ ಸರ್ ಜಾನ್ ಫಾಸ್ಟಾಲ್ಫ್ ತೀರಿಕೊಂಡಾಗ, ಕೈಸ್ಟರ್ ಕೋಟೆಯೂ ಸೇರಿದಂತೆ ಅವನ ಆಸ್ತಿಯೆಲ್ಲ ತನ್ನದೆಂದು ವಿಲಿಯಮನ ಮಗ ಜಾನ್ ಮುಂದೆ ಬಂದ. ಅಲ್ಲಿಂದ ಶುರುವಾದ ವ್ಯಾಜ್ಯ ಅವನ ಮಕ್ಕಳ ಕಾಲಕ್ಕೂ ಮುಗಿಯಲಿಲ್ಲ. 1465ರಲ್ಲಿ ಜಾನ್ ಲಂಡನ್ನಿನ ಫ್ಲೀಟ್ ಸೆರೆಮನೆಯಲ್ಲಿದ್ದ. ಪಾಸ್ಟನ್ನರು ಹುಟ್ಟಿನಿಂದ ಜೀತದ ಒಕ್ಕಲು ಎಂಬ ಆರೋಪವೂ ಎದ್ದಿತು. ಇದು ಬರಿಯ ಅವಮಾನದ ಮಾತಾಗಿರಲಿಲ್ಲ. ಜೀತದ ಒಕ್ಕಲಿನ ಸೊತ್ತೆಲ್ಲ ಕಾನೂನಿನ ಕಣ್ಣಿಗೆ ಒಡೆಯನದು. ಆರೋಪ ನಿಂತುಬಿಟ್ಟರೆ ಎರಡು ತಲೆಮಾರಿನ ಗಳಿಕೆ ಒಂದೇ ಏಟಿಗೆ ಹೋಗುತ್ತಿತ್ತು. 1466ರ ಮೇ ತಿಂಗಳಲ್ಲಿ ಜಾನ್ ತೀರಿಕೊಂಡ. ಜುಲೈನಲ್ಲಿ ನಾಲ್ಕನೇ ಎಡ್ವರ್ಡ್ ದೊರೆ, ಪಾಸ್ಟನ್ನರು ವಿಜಯದ ಕಾಲದಿಂದಲೂ ಕುಲೀನರೇ ಎಂದು ಘೋಷಿಸಿದ. ಹಳೆಯ ಪತ್ರಗಳನ್ನು ತೋರಿಸಿದರೆಂದು ಘೋಷಣೆ ಹೇಳುತ್ತದೆ. ನನ್ನ ಮಟ್ಟಿಗೆ ಅದು ದೊರೆಯ ಕೃಪೆ ಮರಳಿತೆಂಬುದಕ್ಕೆ ಸಾಕ್ಷಿ, ವಂಶಕ್ಕಲ್ಲ.

ಇದಕ್ಕೆ ಎದುರಾಗಿ ವೈರಿಗಳ ಕಡೆಯ ಬರಹವೊಂದು ಉಳಿದಿದೆ. ಅದನ್ನು ಓದುವಾಗಲೆಲ್ಲ ನನಗೆ ಕ್ಲೆಮೆಂಟ್ ಪಾಸ್ಟನ್ ಕಣ್ಣ ಮುಂದೆ ಬರುತ್ತಾನೆ. ನ್ಯಾಯಮೂರ್ತಿ ವಿಲಿಯಮನ ತಂದೆ ಅವನು, 1419ರಲ್ಲಿ ತೀರಿಕೊಂಡವನು. ಬರಹದ ಪ್ರಕಾರ ಅವನೊಬ್ಬ ಸಾದಾ ರೈತ. ಹೆಚ್ಚೆಂದರೆ ನೂರು, ನೂರಿಪ್ಪತ್ತು ಎಕರೆ, ಅದರಲ್ಲೂ ಬಹುಪಾಲು ಜಿಮಿಂಗ್‌ಹ್ಯಾಮ್ ಒಡೆಯರ ಅಧೀನದ ಜೀತದ ಭೂಮಿ. ಚಳಿಗಾಲ, ಬೇಸಗೆ ಎನ್ನದೆ ತಾನೇ ನೇಗಿಲ ಹಿಂದೆ ನಡೆಯುತ್ತಿದ್ದ. ಜೀನಿಲ್ಲದ ಕುದುರೆಯ ಬೆನ್ನಿಗೆ ಧಾನ್ಯದ ಚೀಲ ಹಾಕಿ, ಅದರ ಮೇಲೆ ಕುಳಿತು ಗಿರಣಿಗೆ ಹೋಗಿ, ಹಿಟ್ಟಿನ ಚೀಲದ ಮೇಲೆ ಕುಳಿತು ಮನೆಗೆ ಬರುತ್ತಿದ್ದ. ಹೆಂಡತಿ ಜೀತದವರ ಮಗಳು. ಸಾಲ ಮಾಡಿ ಮಗನನ್ನು ಶಾಲೆಗೆ ಕಳುಹಿಸಿದ. ಕಾನೂನು ಕಲಿಯಲು ಹುಡುಗನ ಸೋದರಮಾವ ಕೈಹಿಡಿದ. ಹಗೆಯಿಂದ ಬರೆದ ಮಾತು ಇದು, ಪೂರ್ತಿ ನಂಬಲಾಗದು. ಆದರೂ ಊರು, ಹೊಲ, ಗಿರಣಿ, ಸಾಲ ಎಲ್ಲವನ್ನೂ ಗುರುತು ಹಿಡಿದು ಹೇಳುವ ಈ ಬರಹದ ಮುಂದೆ ವುಲ್‌ಸ್ಟನ್ ಹೊಗೆಯಂತೆ ಕಾಣುತ್ತಾನೆ. ಹೀಯಾಳಿಸಲು ಬರೆದ ಸಾಲುಗಳಲ್ಲಿ ಮಗನ ಓದಿಗಾಗಿ ಸಾಲಕ್ಕೆ ಕೈಚಾಚಿದ ಒಬ್ಬ ತಂದೆ ಉಳಿದುಕೊಂಡಿದ್ದಾನೆ. ನಿಮ್ಮ ವಂಶಾವಳಿಯ ತುದಿಯಲ್ಲಿ ಅವನನ್ನೇ ಕೂರಿಸಿ.

ಇನ್ನು ದಾರಿಯ ಮಾತು. ಮೇಲಿನಿಂದ ಇಳಿಯಬೇಡಿ, ಕೆಳಗಿನಿಂದ ಹತ್ತಿ. ಒಂದೊಂದು ತಲೆಮಾರಿಗೂ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಕೇಳಿ. ದೊರೆಯಿಂದ ನೇರವಾಗಿ ಭೂಮಿ ಹಿಡಿದವನು ಸತ್ತರೆ ಅಧಿಕಾರಿಯೊಬ್ಬ ಊರಿನ ಪಂಚರನ್ನು ಕೂಡಿಸಿ ಮಹಜರು ನಡೆಸುತ್ತಿದ್ದ: ಸತ್ತ ದಿನ ಯಾವುದು, ಯಾವ ಭೂಮಿ, ಯಾವ ಸೇವೆಗಾಗಿ, ವಾರಸುದಾರ ಯಾರು, ಅವನ ವಯಸ್ಸೆಷ್ಟು. 13ನೇ ಶತಮಾನದಿಂದ 17ನೇ ಶತಮಾನದವರೆಗಿನ ಇಂಥ ಮಹಜರುಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ‘21 ವರ್ಷ ಮತ್ತು ಮೇಲ್ಪಟ್ಟು’ ಎಂದಿದ್ದರೆ ವಾರಸುದಾರ ಪ್ರಾಯಕ್ಕೆ ಬಂದಿದ್ದಾನೆ ಎಂದಷ್ಟೇ ತಿಳಿಯಿರಿ. ಅದರಿಂದ ಹುಟ್ಟಿದ ವರ್ಷ ಲೆಕ್ಕ ಹಾಕಬೇಡಿ. ಕಿರಿಯ ಮಕ್ಕಳು ಇವುಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಂಡುಮಕ್ಕಳಿಲ್ಲದಿದ್ದಾಗ ಮಾತ್ರ ಹೆಣ್ಣುಮಕ್ಕಳೆಲ್ಲರೂ ಸಮಪಾಲಿನ ವಾರಸುದಾರರಾಗಿ ಬರುತ್ತಾರೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಹೇಳುತ್ತೇನೆ, ನೀವು ಹುಡುಕುತ್ತಿರುವ ಹಳೆಯ ಮನೆತನ ಈ ಕಥೆಯಲ್ಲಿ ನಿಜಕ್ಕೂ ಇದೆ. ಅದು ಜಾನನ ಹೆಂಡತಿ ಮಾರ್ಗರೆಟ್‌ಳ ತವರು. ಅವಳು ಮಾಟ್‌ಬಿ ಮನೆತನದ ಆಸ್ತಿಗೆ ವಾರಸುದಾರಳಾಗಿದ್ದಳು. ಗಂಡ ಬ್ರಾಮ್‌ಹೋಮ್ ಮಠದಲ್ಲಿ ಮಣ್ಣಾಗಿದ್ದ. ಅವಳು ಮಾತ್ರ ತನ್ನನ್ನು ಮಾಟ್‌ಬಿಯ ಚರ್ಚಿನಲ್ಲಿ, ತನ್ನ ಪೂರ್ವಿಕರು ಮಲಗಿರುವ ಪಡಸಾಲೆಯಲ್ಲಿಯೇ ಹೂಳಬೇಕೆಂದು ಉಯಿಲಿನಲ್ಲಿ ಬರೆಸಿದಳು. ಗೋರಿಯ ಮೇಲೆ ಕುಲಲಾಂಛನಗಳನ್ನು ಕೆತ್ತಿಸಬೇಕೆಂದೂ ಹೇಳಿದಳು. ಆ ಉಯಿಲಿನಿಂದ ಶುರುಮಾಡಿ. ಒಂದು ಎಚ್ಚರಿಕೆ: ಅದು ಫೆಬ್ರವರಿ ತಿಂಗಳಿನದು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ ಅವರ ಲೆಕ್ಕದ 1481 ನಮಗೆ 1482.

ಕ್ಲೆಮೆಂಟ್‌ನಂಥವರಿಗೆ ಪಂಚರ ಮಹಜರು ಇರುವುದಿಲ್ಲ. ಅವರ ಗುರುತು ಇರುವುದು ಒಡೆಯನ ಊರ ನ್ಯಾಯಸಭೆಯ ಸುರುಳಿಗಳಲ್ಲಿ. ಒಕ್ಕಲು ಸತ್ತಾಗ ಮಗ ಕಾಣಿಕೆ ಕಟ್ಟಿ ಹೊಲ ವಹಿಸಿಕೊಂಡದ್ದನ್ನು ಅಲ್ಲಿ ಬರೆಯುತ್ತಿದ್ದರು. ನಾರ್ಫೋಕ್ ದಾಖಲೆ ಕಚೇರಿ ನಿಮ್ಮ ಊರಿನಲ್ಲೇ ಇದೆ. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಜಿಮಿಂಗ್‌ಹ್ಯಾಮ್ ಹೆಸರು ಹೇಳಿ ವಿಚಾರಿಸಿ. ಕ್ಲೆಮೆಂಟ್‌ನ ತಂದೆಯ ಹೆಸರು ಕಂಡರೆ ಕೂಡಲೇ ಬರೆಯಿರಿ. ನಮ್ಮ ತಿದ್ದುಪಡಿಯ ಜೊತೆಗೇ ಅದನ್ನು ಪ್ರಕಟಿಸುತ್ತೇವೆ.

ಸಂಪಾದಕ