ಮನೆ ನೋಡಿದಿರಿ, ಮನೆಯಡಿಯ ನೆಲ ಯಾವುದು?

ಪ್ರಶ್ನೆ: ನಮ್ಮ ತಾಲೂಕಿನಲ್ಲೇ ಒಂದು ಹಳೆಯ ಹಂಚಿನ ಮನೆ, ಅದಕ್ಕೆ ತಾಗಿ 20 ಗುಂಟೆ ಅಡಿಕೆ ತೋಟ ಮಾರಾಟಕ್ಕಿದೆ. ಜೊತೆಗೆ ಮೂರು ಎಕರೆ ಬೆಟ್ಟವೂ ಬರುತ್ತದೆ ಎಂದು ಅದನ್ನೂ ಸೇರಿಸಿ ದರ ಹೇಳುತ್ತಿದ್ದಾರೆ. 15 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿದೆವು, ಏನೂ ಇಲ್ಲ ಎಂದು ಬಂದಿದೆ. ಮುಂಗಡ ಕೊಡಬಹುದೇ?
— ಓದುಗರು, ಶಿರಸಿ

ಉತ್ತರ: ಈಗಲೇ ಬೇಡ. ಬೆಟ್ಟಕ್ಕೆ ದರ ಹಾಕಿದ್ದಾರೆ ಎಂಬುದೊಂದೇ ನೀವು ತಡೆದು ನೋಡಲು ಸಾಕಾದ ಕಾರಣ. ಸೊಪ್ಪಿನ ಬೆಟ್ಟ ಸರ್ಕಾರದ ಜಮೀನು. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ತೋಟಿಗರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ಸವಲತ್ತು ಅದು, ಮಾಲ್ಕಿ (ಖಾಸಗಿ ಒಡೆತನ) ಅಲ್ಲ. ಕ್ರಯಪತ್ರದಲ್ಲಿ ಬೆಟ್ಟದ ಸರ್ವೆ ನಂಬರು ಬರೆಸಿಕೊಂಡರೂ ನಿಮಗೆ ಒಡೆತನ ಹುಟ್ಟುವುದಿಲ್ಲ. ತೋಟಕ್ಕೂ ಮನೆಗೂ ಮಾತ್ರ ದರ ಮಾತಾಡಿ.

ಅದಕ್ಕಿಂತ ದೊಡ್ಡ ಪ್ರಶ್ನೆ, ಮನೆ ನಿಂತಿರುವುದು ಎಲ್ಲಿ ಎಂಬುದು. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಜಗುಲಿ, ಅಡುಗೆಮನೆ ಮಾಲ್ಕಿಯಲ್ಲಿದ್ದರೆ ಕೊಟ್ಟಿಗೆ, ಬಾವಿ, ಅಡಿಕೆ ಒಣಗಿಸುವ ಅಂಗಳ ಬೆಟ್ಟದಲ್ಲಿರುತ್ತವೆ. ಕಾಗದ ನೋಡಿದರೆ ಇದು ಕಾಣುವುದಿಲ್ಲ, ಅಳತೆ ಮಾಡಿಸಲೇಬೇಕು. ಮಾರುವವರಿಂದಲೇ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಿಸಿ, ಭೂಮಾಪಕರು ಬಂದ ದಿನ ನೀವೂ ಹೋಗಿ ನಿಲ್ಲಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುತ್ತಿದ್ದರೆ ಆ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗದು.

ಪಹಣಿಯನ್ನು ಹೆಸರಿಗಾಗಿ ಮಾತ್ರ ನೋಡಬೇಡಿ. 3ನೇ ಕಾಲಮಿನಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆದು ಎಷ್ಟು ಉಳಿದಿದೆ ನೋಡಿ. ‘ಬ’ ಖರಾಬು ಇದ್ದರೆ ಅದು ಸಾರ್ವಜನಿಕರದ್ದು. 9ರಲ್ಲಿ ಹೆಸರುಗಳಿರುತ್ತವೆ. ನಾಲ್ಕು ಹೆಸರಿದ್ದರೆ ನಾಲ್ವರೂ ಸಹಿ ಹಾಕಬೇಕು. 10ರಲ್ಲಿ ಆ ಹೆಸರು ಹೇಗೆ ಬಂತು ಎಂಬುದರ ಎಂ.ಆರ್. (ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರು ಇರುತ್ತದೆ. ಆ ನಂಬರು ಹಿಡಿದು ಮ್ಯುಟೇಶನ್ ಪ್ರತಿ ತೆಗೆಸಿ, ಅದರಿಂದ ಅದರ ಹಿಂದಿನದಕ್ಕೆ ಹೋಗಿ, ಹೀಗೆ ಕನಿಷ್ಠ 30 ವರ್ಷ ಹಿಂದಕ್ಕೆ ಸರಪಳಿ ಸಿಗಬೇಕು. 11ನೇ ಕಾಲಮಿನಲ್ಲಿ ಇತರೆ ಹಕ್ಕು ಮತ್ತು ಋಣ. ಸೇವಾ ಸಹಕಾರಿ ಸಂಘದ ಬೆಳೆಸಾಲ ಕುಳಿತಿರುವುದು ಇಲ್ಲೇ. ಸಾಲ ತೀರಿದೆ ಎಂಬ ಮಾತು ಸಾಲದು. ಸಂಘದ ಬೇಬಾಕಿ (ಬಾಕಿ ಇಲ್ಲ ಎಂಬ) ಪತ್ರ ಬರಬೇಕು, ಆಮೇಲೆ ಕಾಲಮಿನಿಂದ ಆ ನಮೂದು ಹೋಗಬೇಕು.

ಇನ್ನು ನಿಮ್ಮ ಇ.ಸಿ. ಅದು ನೋಂದಣಿಯಾದ ಪತ್ರಗಳನ್ನಷ್ಟೇ ಹೇಳುತ್ತದೆ. ನೋಂದಾಯಿಸದ ಮರಣಶಾಸನ, ಕೋರ್ಟಿನಲ್ಲಿರುವ ಪಾಲಿನ ದಾವೆ, ಬಾಯಿಮಾತಿನ ಹಂಚಿಕೆ ಅದರಲ್ಲಿ ಬರುವುದಿಲ್ಲ. ದಾವೆ ಇದೆಯೇ ಎಂದು ತಾಲೂಕಿನ ನ್ಯಾಯಾಲಯದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿಸಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವುದು 2004ರ ಏಪ್ರಿಲ್ ನಂತರದ್ದು. ಹಳೆಯದಕ್ಕೆ ಉಪನೋಂದಣಿ ಕಚೇರಿಯಲ್ಲಿ ಕೈಬರಹದ ಪುಸ್ತಕ ನೋಡಿಸಬೇಕು. ಇನ್ನೊಂದು ತಪ್ಪು ಬಹಳ ಸಾಮಾನ್ಯ: ಹಳೆಯ ಪತ್ರಗಳಲ್ಲಿ ಆಸ್ತಿಯನ್ನು ಸರ್ವೆ-ಹಿಸ್ಸಾ ನಂಬರಿನಿಂದ ಬರೆದಿರುತ್ತಾರೆ, ಈಚಿನವುಗಳಲ್ಲಿ ಪಂಚಾಯತದ ಮನೆ ನಂಬರಿನಿಂದ. ಒಂದು ನಂಬರು ಕೊಟ್ಟು ಹುಡುಕಿದರೆ ಇನ್ನೊಂದರ ಅಡಮಾನ ಕಣ್ಣಿಗೆ ಬೀಳುವುದಿಲ್ಲ, ‘ಏನೂ ಇಲ್ಲ’ ಎಂದೇ ಬರುತ್ತದೆ. ಎರಡೂ ನಂಬರಿಗೆ ಬೇರೆ ಬೇರೆ ಅರ್ಜಿ ಹಾಕಿ.

ಮನೆಯ ಜಾಗ ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೇ, ಪಂಚಾಯತದ ಆಸ್ತಿ ದಾಖಲೆಯ ತಂತ್ರಾಂಶ ಇ-ಸ್ವತ್ತಿನಲ್ಲಿ ನಮೂನೆ 9 ಸಿಗುತ್ತದೆಯೇ ಎಂಬುದನ್ನೂ ಕೇಳಿ. ನಮೂನೆ 11ಬಿ ಮಾತ್ರ ತೋರಿಸಿದರೆ ಆ ಆಸ್ತಿ ಕ್ರಮಬದ್ಧವಾಗಿಲ್ಲ ಎಂದರ್ಥ. ಬ್ಯಾಂಕ್ ಸಾಲ ನೆಚ್ಚಿಕೊಂಡಿದ್ದರೆ ಅಲ್ಲೇ ಕೆಲಸ ನಿಲ್ಲಬಹುದು.

ಪ್ರಶ್ನೆ: ಕಾರವಾರದ ಹತ್ತಿರ ಕಡಲಿನಿಂದ ಸುಮಾರು 120 ಮೀಟರ್ ದೂರದ ಹಳೆಯ ಮನೆ. ಪಂಚಾಯತದ ತೆರಿಗೆ ರಸೀದಿ, ಕರೆಂಟ್ ಬಿಲ್ ಎಲ್ಲ ಮಾರುವವರ ಹೆಸರಲ್ಲೇ ಇದೆ. ಕೊಂಡು ಕೆಡವಿ ಎರಡಂತಸ್ತು ಕಟ್ಟಬೇಕೆಂದಿದೆ.
— ಓದುಗರು, ಕಾರವಾರ

ಉತ್ತರ: ತೆರಿಗೆ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನಕ್ಕಲ್ಲ. ಕಡಲ ದಂಡೆಯ ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೂ ಮೀಟರು ಕೊಡುತ್ತಾರೆ. ಪಹಣಿ ಅಥವಾ ಸಿಟಿ ಸರ್ವೆ ಆದ ಕಡೆ ಪ್ರಾಪರ್ಟಿ ಕಾರ್ಡು, ಜೊತೆಗೆ ಮೂಲ ಕ್ರಯಪತ್ರ ಕೇಳಿ.

ನಿಮ್ಮ ಯೋಜನೆಗೆ ನಿಜವಾದ ತೊಡಕು ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಪಂಚಾಯತ ವ್ಯಾಪ್ತಿಯ ಕಡಲತೀರ ಸಾಮಾನ್ಯವಾಗಿ ಮೂರನೇ ವರ್ಗಕ್ಕೆ ಬರುತ್ತದೆ. 2019ರ ಅಧಿಸೂಚನೆಯ ಪ್ರಕಾರ ಜನಸಾಂದ್ರತೆ ಚದರ ಕಿ.ಮೀ.ಗೆ 2161 ಮೀರಿದ ಕಡೆ ಭರತಿ ರೇಖೆಯಿಂದ (ಭರತಿಯ ನೀರು ಏರಿಬರುವ ಗಡಿಯಿಂದ) 50 ಮೀಟರ್, ಉಳಿದ ಕಡೆ 200 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ. ಇದ್ದ ಅಧಿಕೃತ ಮನೆಯನ್ನು ಇದ್ದಷ್ಟೇ ಅಡಿಪಾಯದಲ್ಲಿ, ಇದ್ದಷ್ಟೇ ಕಟ್ಟಡ ವಿಸ್ತೀರ್ಣದಲ್ಲಿ ದುರಸ್ತಿ ಮಾಡಬಹುದು ಅಥವಾ ಮತ್ತೆ ಕಟ್ಟಬಹುದು. ಮೇಲಂತಸ್ತು ಸೇರಿಸುವುದು ಅದರಲ್ಲಿ ಬರುವುದಿಲ್ಲ. 120 ಮೀಟರ್ ಎಂದು ನೀವು ಎಲ್ಲಿಂದ ಅಳೆದಿರಿ? ಅಲೆ ಬಂದು ನಿಂತ ಜಾಗದಿಂದ ಅಳೆದರೆ ಲೆಕ್ಕಕ್ಕಿಲ್ಲ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಗುರುತಿಸಿದ ಭರತಿ ರೇಖೆಯೇ ಪ್ರಮಾಣ. ಸರ್ವೆ ನಂಬರು ಕೊಟ್ಟು ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಕಾಳಿ, ಗಂಗಾವಳಿ, ಅಘನಾಶಿನಿಯಂಥ ಭರತಿ ನೀರು ಏರಿಬರುವ ಹೊಳೆಗಳ ದಡಕ್ಕೂ ಈ ನಿಯಮ ಇದೆ. ಅಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು.

ಮನೆ ಹೆದ್ದಾರಿ 66ರ ಬದಿಗಿದ್ದರೆ ಭೂಸ್ವಾಧೀನದ ಅಧಿಸೂಚನೆಯನ್ನೂ ನೋಡಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಡಿ ಕಲಮಿನ ಅಧಿಸೂಚನೆ ಹೊರಬಿದ್ದ ಮೇಲೆ ಆ ಜಾಗ ಕೇಂದ್ರ ಸರ್ಕಾರದ್ದು, ಪಹಣಿಯಲ್ಲಿ ಹಳೆ ಹೆಸರು ಉಳಿದಿದ್ದರೂ ಸಹ.

ಪ್ರಶ್ನೆ: ಮಾರುವವರ ಅಜ್ಜನಿಗೆ ಗೇಣಿ (ಒಕ್ಕಲು) ಹಕ್ಕಿನಿಂದ ಬಂದ ಜಾಗದ ಮನೆ. ಮೂವರು ಅಣ್ಣತಮ್ಮಂದಿರು ಮಾರುತ್ತಿದ್ದಾರೆ. ಮುಂಬೈಯಲ್ಲಿರುವ ಇಬ್ಬರು ಅಕ್ಕತಂಗಿಯರು ‘ವರ್ದಿ (ಹೆಸರು ಬದಲಿಸಲು ಕಂದಾಯ ಇಲಾಖೆಗೆ ಕೊಡುವ ಅರ್ಜಿ) ಕೊಟ್ಟು ಹೆಸರು ತೆಗೆಸಿಕೊಂಡಿದ್ದಾರೆ’ ಎಂದು ಅಣ್ಣತಮ್ಮಂದಿರು ಅನ್ನುತ್ತಾರೆ.
— ಓದುಗರು, ಕುಮಟಾ

ಉತ್ತರ: ವರ್ದಿಯಿಂದ ಪಹಣಿಯ ಹೆಸರು ಹೋಗುತ್ತದೆ, ಹಕ್ಕು ಹೋಗುವುದಿಲ್ಲ. ನೋಂದಾಯಿತ ಹಕ್ಕುಬಿಡುಗಡೆ ಪತ್ರ ಇಲ್ಲದಿದ್ದರೆ ಅಕ್ಕತಂಗಿಯರೂ ಮಾರುವವರಾಗಿಯೇ ಸಹಿ ಹಾಕಬೇಕು, ಸಾಕ್ಷಿಯಾಗಿ ಅಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿದೆ. ಆಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಊರಿಗೆ ಬರಲಾಗದಿದ್ದರೆ ಮುಂಬೈಯ ಉಪನೋಂದಣಿ ಅಧಿಕಾರಿಯ ಮುಂದೆ ದೃಢೀಕರಿಸಿದ ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಲಿ.

ಗೇಣಿಯ ಬಗ್ಗೆ: ಭೂ ನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10 (ಗೇಣಿದಾರನಿಗೆ ಕೊಟ್ಟ ಅಧಿಭೋಗ ಹಕ್ಕಿನ ಪತ್ರ), ಎರಡನ್ನೂ ನೋಡಿ. ಆದೇಶದಿಂದ 15 ವರ್ಷ ಪರಭಾರೆ ಮಾಡುವಂತಿಲ್ಲ ಎಂಬ ನಿರ್ಬಂಧ ಹೆಚ್ಚಿನವಕ್ಕೆ ಮುಗಿದಿದೆ. ಆದರೆ ನಮೂನೆ 10 ಅಜ್ಜನೊಬ್ಬನ ಹೆಸರಲ್ಲಿದ್ದರೂ ಅವನ ಅಣ್ಣತಮ್ಮಂದಿರು ಕೂಡಿಯೇ ಗೇಯ್ದಿದ್ದರೆ ಆ ಕವಲುಗಳೂ ಪಾಲು ಕೇಳಬಹುದು. ವಂಶವೃಕ್ಷವನ್ನು ಅಜ್ಜನ ತಂದೆಯಿಂದ ಬರೆಸಿ.

ಪ್ರಶ್ನೆ: ಅರಣ್ಯ ಹಕ್ಕುಪತ್ರ ಸಿಕ್ಕಿರುವ ಮನೆಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಅನ್ನುತ್ತಿದ್ದಾರೆ.
— ಓದುಗರು, ಯಲ್ಲಾಪುರ

ಉತ್ತರ: ಕೊಳ್ಳಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಕೊಟ್ಟ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಮಾರಲಿಕ್ಕೆ ಬರುವುದಿಲ್ಲ. ಛಾಪಾ ಕಾಗದದ ಮೇಲೆ ಕರಾರು ಮಾಡಿ ಹಣ ಕೊಟ್ಟರೂ ಮನೆ ನಿಮ್ಮದಾಗದು, ನಾಳೆ ಅವರ ಮಕ್ಕಳು ಬಂದು ಬಿಡಿ ಎಂದರೆ ನಿಮ್ಮ ಕೈಯಲ್ಲಿ ತೋರಿಸಲು ಕಾನೂನು ಒಪ್ಪುವ ಒಂದು ಕಾಗದವೂ ಇರುವುದಿಲ್ಲ.